ರಾಮೇಶ್ವರ ಅಂದಿದ್ದು

ಮೇಲೂರಿನ ನಮ್ಮ ಮನೆಯಲ್ಲಿ ಚಿಲಕವಿರುವ ಕೋಣೆ ಒಂದೇ. ಅದು ರೇಷ್ಮೆಹುಳುಗಳದ್ದು. ಗಾಳಿ ಬೆಳಕು ಅಲ್ಲೇ ಚೆನ್ನಾಗಿದೆ, ಕಿಟಕಿಗೆ ಜಾಲರಿಯಿದೆ. ಹೊರಗಿನವರು ಯಾರೂ ಒಳಗೆ ಕಾಲಿಡುವಂತಿಲ್ಲ. ಉಳಿದ ನಾವು ಐದು ಜನ ನಡುಮನೆಯಲ್ಲಿ ಇರುತ್ತೇವೆ. ಹುಳು ಸಾಕಲು ಬೇರೆ ಶೆಡ್ ಕಟ್ಟಬೇಕು ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಾರೆ.

ಅತ್ತಿಗೆ ಪವಿತ್ರ ಗೌರಿಬಿದನೂರು ಕಡೆಯಿಂದ ಈ ಮನೆಗೆ ಬಂದು ಐದು ವರ್ಷವಾಯಿತು. ಬಂದಾಗ ನಡುಮನೆಯ ಒಂದು ಮೂಲೆಗೆ ಅಮ್ಮನ ಹಳೇ ಸೀರೆ ಅಡ್ಡ ಕಟ್ಟಿ, ಅದನ್ನೇ ಅಣ್ಣ ಅತ್ತಿಗೆಯ ರೂಮು ಎಂದೆವು. ಸೀರೆ ಅವತ್ತು ಹಸಿರಾಗಿತ್ತು. ಈಗ ಅದಕ್ಕೆ ಯಾವ ಬಣ್ಣವೂ ಉಳಿದಿಲ್ಲ. ಅತ್ತಿಗೆ ಬೆಳಿಗ್ಗೆ ಎದ್ದು ಊರಿನ ಡೈರಿಗೆ ಹೋಗಿ ಹಾಲಿನ ಗಟ್ಟಿತನದ ಡಿಗ್ರಿ ನೋಡುತ್ತಾರೆ, ಬಂದು ತೋಟದಲ್ಲಿ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾರೆ, ಸಂಜೆ ಮತ್ತೆ ಡೈರಿ. ಅಣ್ಣನ ಹತ್ತಿರ ಒಂದು ಸ್ವಂತ ಮಾತು ಆಡಬೇಕೆಂದರೆ ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಆಡಬೇಕು. ಅಲ್ಲೂ ಅವರು ಒಂದು ಕಿವಿಯನ್ನು ಅಮ್ಮನ ಕಾಲುಚೈನಿನ ಸದ್ದಿಗೆ ಬಿಟ್ಟಿರುತ್ತಿದ್ದರು. ಮೂವತ್ತು ವರ್ಷದ ಬೆಳ್ಳಿ ಚೈನು ಅದು, ನಾಲ್ಕು ಹೆಜ್ಜೆ ಮುಂಚೆಯೇ ಘಲ್ಲೆನ್ನುತ್ತಿತ್ತು. ಸದ್ದು ಕೇಳಿದರೆ ಅಣ್ಣ ಬಕೆಟ್ ಎತ್ತಿಕೊಂಡು ಆಚೆ ಹೋಗುತ್ತಿದ್ದ.

ಅಂಡಮಾನ್ ಎಂಬ ಮಾತು ಮೊದಲು ನನ್ನ ಬಾಯಿಂದಲೇ ಬಂತು. ನಾನು ಶಿಡ್ಲಘಟ್ಟದಲ್ಲಿ ಕೊನೇ ವರ್ಷದ ಬಿ.ಎ. ಓದುತ್ತಿದ್ದೇನೆ. ಒಂದು ಭಾನುವಾರ ತಾರಸಿಯ ಮೇಲೆ ಅತ್ತಿಗೆಯ ಪಕ್ಕ ಕೂತು ಮೊಬೈಲಿನಲ್ಲಿ ಸಮುದ್ರದ ಫೋಟೋ ತೋರಿಸುತ್ತಿದ್ದೆ. ಸಣ್ಣದೊಂದು ದ್ವೀಪ, ತೆಂಗಿನ ಮರಗಳ ನಡುವೆ ಮರದ ಮನೆಗಳು. ‘ಜೋಡಿಗಳಿಗಾಗಿ ಸದ್ದಿಲ್ಲದ ಕಡಲತೀರ’ ಎಂದು ಬರೆದಿತ್ತು.

"ನೋಡಿ ಅತ್ತಿಗೆ, ಮಂಚದಿಂದಾನೇ ಸಮುದ್ರ ಕಾಣತ್ತೆ."

"ಸಮುದ್ರ ಇರ್ಲಿ ಕಣೇ. ಒಳಗಿಂದ ಚಿಲಕ ಇದ್ಯಾ?"

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೂ ಅತ್ತಿಗೆ ಆ ಫೋಟೋದಲ್ಲಿ ಬಾಗಿಲನ್ನು ಹುಡುಕುತ್ತಲೇ ಇದ್ದರು. ಅದನ್ನು ನೋಡಿದ ಮೇಲೆ ನಾನು ಸುಮ್ಮನಿರಲಾರದೆ ಹೋದೆ.

ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನ ಎದುರು ಟಿಕೆಟ್ ಬುಕ್ ಮಾಡುವ ಅರ್ಬಾಜ್, ನನ್ನ ಗೆಳತಿ ಅಲ್ಮಾಸಳ ಅಣ್ಣ. ಒಂದು ಮಧ್ಯಾಹ್ನ ಅತ್ತಿಗೆಯನ್ನು ಅವನ ಅಂಗಡಿಗೆ ಕರೆದುಕೊಂಡು ಹೋದೆ.

"ಹನಿಮೂನ್ ಪ್ಯಾಕೇಜಾ?" ಅಂದ.

"ಮದುವೆಯಾಗಿ ಐದು ವರ್ಷ ಆಯ್ತು," ಅಂದೆ.

"ಹೋಗಿರಲಿಲ್ವಲ್ಲಾ? ಹಂಗಾದ್ರೆ ಅದೇ. ಹನಿಮೂನ್‌ಗೇನು ಎಕ್ಸ್‌ಪೈರಿ ಡೇಟ್ ಇರತ್ತಾ? ಮಂಚಕ್ಕೆ ಹೂವಿನ ಡೆಕೊರೇಷನ್ ಫ್ರೀ ಅಕ್ಕಾ."

ಅತ್ತಿಗೆ ಕೆಂಪಾಗಿ, "ಹೂವೆಲ್ಲ ಬೇಡಪ್ಪ," ಅಂದರು.

"ಇನ್ನೊಂದು ವಿಷ್ಯ. ಅಲ್ಲಿ ಫೋನ್ ಸಿಗೋದು ಬಲೇ ಕಷ್ಟ. ಆಮೇಲೆ ನನ್ನ ಬೈಕೊಬೇಡಿ."

"ಸಿಗದೇ ಇದ್ರೆ ಇನ್ನೂ ಒಳ್ಳೇದು," ಎಂದರು ಅತ್ತಿಗೆ. ಅವರು ಆಸೆಯಿಂದ ಒಂದು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಣ್ಣ ರಮೇಶ್‌ಬಾಬು ಒಪ್ಪಿದ. ಅಮ್ಮನಿಗೆ ಹೇಳುವುದೊಂದು ಉಳಿಯಿತು. ಅವನು ನನ್ನ ಮುಖ ನೋಡಿದ, ನಾನು ಅತ್ತಿಗೆಯ ಮುಖ ನೋಡಿದೆ, ಅತ್ತಿಗೆ ನೆಲ ನೋಡಿದರು. ಹೀಗೆ ಒಂದು ವಾರ ಕಳೆಯಿತು. ಅಮ್ಮ ಕೆಟ್ಟವಳಲ್ಲ. ಆದರೆ ಸುಮ್ಮನೆ ಇಬ್ಬರೇ ಇರುವುದಕ್ಕೆಂದು ಒಂದು ಊರಿಗೆ ಹೋಗುತ್ತಾರೆ ಎಂಬುದನ್ನು ನಮ್ಮಮ್ಮ ವೆಂಕಟರತ್ನಮ್ಮನಿಗೆ ಹೇಳಲು ನಮ್ಮ ಮನೆಯ ಮಾತಿನಲ್ಲಿ ಪದವಿರಲಿಲ್ಲ.

ಕೊನೆಗೆ ಅಮ್ಮನೇ ಕೇಳಿದಳು. ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಹುಳು ತಂದ ದಿನ. ಹುಳುಮನೆಯಲ್ಲಿ ನಾನೂ ಅವಳೂ ಸೊಪ್ಪು ಹರಡುತ್ತಿದ್ದೆವು.

"ನಿಮ್ಮಣ್ಣ ಬೇಸಾಯ ಬಿಟ್ಟು ಎಲ್ಲಿಗೋ ಹೋಗ್ಬೇಕು ಅಂತ ಅಪ್ಪನ ಹತ್ರ ಗೊಣಗ್ತಿದ್ನಂತೆ. ಎಲ್ಲಿಗೇ?"

"ರಾಮೇಶ್ವರಕ್ಕೆ," ಅಂದೆ.

ಯಾಕೆ ಹಾಗೆಂದೆನೋ. ಅದೂ ಒಂದು ದ್ವೀಪ, ಅಲ್ಲೂ ಸಮುದ್ರವಿದೆ, ಅರ್ಧ ಸುಳ್ಳು ಅಷ್ಟೇ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಅಮ್ಮನ ಕೈ ನಿಂತಿತು.

"ನಾಗಪ್ರತಿಷ್ಠೆ ಮಾಡಿಸಕ್ಕಾ?"

ಮಕ್ಕಳಾಗದವರು ಅಲ್ಲಿಗೆ ಹೋಗಿ ನಾಗಪ್ಪನನ್ನು ಪ್ರತಿಷ್ಠೆ ಮಾಡಿಸುತ್ತಾರೆ ಎಂಬುದು ನನಗೆ ಆಗ ಹೊಳೆಯಿತು. ಇಲ್ಲ ಅನ್ನಬಹುದಿತ್ತು. ತಲೆಯಾಡಿಸಿದೆ.

ಅಮ್ಮ ಐದು ವರ್ಷದಲ್ಲಿ ಒಂದು ಸಲವೂ ಅತ್ತಿಗೆಯನ್ನು ಆ ಮಾತು ಕೇಳಿದವಳಲ್ಲ. ಎದುರುಮನೆಯ ಕೊಂಡಮ್ಮ, "ಏನಮ್ಮಾ ರತ್ನಮ್ಮ, ಹುಳಕ್ಕೆ ಮಾತ್ರ ತೊಟ್ಟಿಲು ಕಟ್ತೀಯೋ?" ಎಂದು ಕುಟುಕಿದಾಗಲೂ, "ನಿನಗ್ಯಾಕೆ, ನೋರು ಮುಯ್ಯಿ!" ಎಂದು ತೆಲುಗಿನಲ್ಲಿ ಬಾಯಿ ಮುಚ್ಚಿಸಿದ್ದಳು. ಸಿಟ್ಟು ಬಂದರೆ ಅವಳಿಗೆ ತೆಲುಗೇ ಬರುವುದು. ಕೇಳದೆ ಉಳಿದದ್ದೆಲ್ಲ ಅವಳೊಳಗೆ ಎಷ್ಟಿತ್ತೆಂದು ನನಗೆ ಗೊತ್ತಿರಲಿಲ್ಲ.

ಮೂರು ದಿನದ ನಂತರ ಅಮ್ಮ ಒಬ್ಬಳೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದಳು. ನಾನು ಅಡುಗೆಮನೆಯಲ್ಲಿದ್ದೆ. ಅವಳು ಬೆನ್ನ ಹಿಂದೆ ಬಂದು ನಿಂತದ್ದೇ ತಿಳಿಯಲಿಲ್ಲ. ತಿರುಗಿ ನೋಡಿ ಬೆಚ್ಚಿದೆ. ಆಮೇಲೆ ಅವಳ ಕಾಲು ನೋಡಿದೆ. ಚೈನು ಇದ್ದ ಕಡೆ ಎರಡು ಬಿಳಿ ಗೆರೆಗಳಿದ್ದವು.

ಅತ್ತಿಗೆಯ ಅಂಗೈಯಲ್ಲಿ ಅಮ್ಮ ಇಟ್ಟದ್ದು ಕಿರುಬೆರಳಿನಷ್ಟು ಉದ್ದದ ಬೆಳ್ಳಿ ನಾಗಪ್ಪ. "ಅಲ್ಲಿ ಕೊಡು ಪವಿತ್ರಾ. ಇಪ್ಪತ್ತೆರಡು ತೀರ್ಥದಲ್ಲೂ ಸ್ನಾನ ಮಾಡ್ಬೇಕಂತೆ, ಶೀತ ಆಗತ್ತೆ, ಒಂದು ಸ್ವೆಟರ್ ಇಟ್ಕೊ. ಹುಳ ನಾನು ನೋಡ್ಕೊತೀನಿ. ಅವು ನಾಲ್ಕನೇ ಜ್ವರಕ್ಕೆ ಕೂರೋ ಹೊತ್ತಿಗೆ ನೀವಿರಲ್ಲ, ಇರ್ಲಿ ಬಿಡು."

ಅತ್ತಿಗೆ ಆ ಸಂಜೆ ನನ್ನನ್ನು ತಾರಸಿಗೆ ಕರೆದರು. ಬ್ಯಾಗು ಅರ್ಧ ತುಂಬಿತ್ತು. ಗುಲಾಬಿ ಬಣ್ಣದ ಹೊಸ ಚೂಡಿದಾರ್, ಬಿಸಿಲಿನ ಕ್ರೀಮು, ರಬ್ಬರ್ ಚಪ್ಪಲಿ.

"ಇದನ್ನ ಎಲ್ಲಿ ಇಡ್ಲಿ, ನೀನೇ ಹೇಳು," ಅಂದರು, ನಾಗಪ್ಪನನ್ನು ಹಿಡಿದುಕೊಂಡು.

ಅಮ್ಮನಿಗೆ ರಾಮೇಶ್ವರ ಅಂದದ್ದನ್ನು ಅವರಿಗೆ ಆಗ ಹೇಳಿದೆ.

"ನಾಳೆ ಅತ್ತೆಗೆ ಹೇಳ್ಬಿಡ್ತೀನಿ."

"ನಾನೇ ಹೇಳ್ತೀನಿ ಅತ್ತಿಗೆ. ಅಂದಿದ್ದು ನಾನಲ್ವಾ?"

ಹೇಳುತ್ತೇನೆ ಅಂದೆ ನಿಜ. ಮರುದಿನ ಹುಳುಮನೆಯಲ್ಲಿ ಮೂವರೂ ಇದ್ದೆವು. ಅಮ್ಮ ಹುಳುವಿನ ತಟ್ಟೆಗಳ ಮೇಲೆ ಬಾಗಿದ್ದಳು. ನಾನು ಬಾಯಿ ತೆರೆದೆ, ಇನ್ನೊಂದು ತಟ್ಟೆ ಮುಗಿಯಲಿ ಎಂದುಕೊಂಡೆ. ಅಷ್ಟರಲ್ಲಿ ಅತ್ತಿಗೆ ಅಂದರು:

"ಅತ್ತೆ, ನಾವು ರಾಮೇಶ್ವರಕ್ಕೆ ಹೋಗ್ತಿಲ್ಲ."

"ಮತ್ತೆ?"

"ಅಂಡಮಾನ್‌ಗೆ."

"ಅಲ್ಯಾವ ದೇವ್ರು?"

"ದೇವ್ರು ಇಲ್ಲ ಅತ್ತೆ. ಒಂದು ರೂಮಿದೆ. ಸುಮ್ನೆ ಇದ್ದು ಬರೋಣ ಅಂತ."

ಅಮ್ಮ ನನ್ನ ಕಡೆ ನೋಡಿದಳು. "ನೀನು ರಾಮೇಶ್ವರ ಅಂದ್ಯಲ್ಲೇ?"

"ಅವಳ ಕೈಲಿ ನಾನೇ ಹೇಳಿಸ್ದೆ," ಅಂದರು ಅತ್ತಿಗೆ.

ಹುಳುಗಳು ಸೊಪ್ಪು ತಿನ್ನುವ ಸದ್ದು ದೂರದ ಮಳೆಯ ಹಾಗೆ ಕೋಣೆಯ ತುಂಬ ಇತ್ತು. ಆ ಸದ್ದಿನ ಮರೆಯಲ್ಲಿ ನಿಂತುಬಿಟ್ಟೆ. ಅಮ್ಮ ಕೈ ಚಾಚಿ, ಅತ್ತಿಗೆ ತಂದಿದ್ದ ನಾಗಪ್ಪನನ್ನು ವಾಪಸ್ ಇಸಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಅಷ್ಟೇ. ತೆಲುಗಿನಲ್ಲಾದರೂ ಬೈದಿದ್ದರೆ ಚೆನ್ನಾಗಿತ್ತು.

ಹೋಗಬೇಡಿ ಎಂದೂ ಅಮ್ಮ ಅನ್ನಲಿಲ್ಲ. ಅತ್ತಿಗೆಯ ಜೊತೆ ಮಾತು ಬಿಟ್ಟಳು. ಅತ್ತಿಗೆ ಟಿಕೆಟ್ ಬೇಡವೆಂದು ಹಟ ಹಿಡಿದರು, ಅಪ್ಪ ರಾಮಾಂಜಿನಪ್ಪ ಅಪರೂಪಕ್ಕೆ ಗಂಟಲೆತ್ತಿ, "ಹೋಗಿ ಬರ್ಲಿ ಬಿಡ್ರೇ, ಹುಡುಗರು," ಅಂದರು. ಹೊರಡುವ ಬೆಳಿಗ್ಗೆ ಬ್ಯಾಗಿನ ಪಕ್ಕ ಒಂದು ಡಬ್ಬಿ ಚಟ್ನಿಪುಡಿ ಇತ್ತು. ಯಾರು ಇಟ್ಟರೆಂದು ಯಾರೂ ಕೇಳಲಿಲ್ಲ. ಅತ್ತಿಗೆ ಕಾಲಿಗೆ ಬೀಳಲು ಬಾಗಿದರು. ಆ ಬಿಳಿ ಗೆರೆಗಳ ಹತ್ತಿರ ಅವರ ಕೈ ಒಂದು ಗಳಿಗೆ ನಿಂತಿತು. ಅಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. ಆಟೋ ತಿರುವಿನಲ್ಲಿ ಮರೆಯಾಗುವ ತನಕ ಅತ್ತಿಗೆ ತಿರುಗಿ ತಿರುಗಿ ನೋಡಿದ್ದು ಮನೆಯನ್ನಲ್ಲ, ನನ್ನನ್ನು.

ಅವರು ಹೋದ ಮೂರನೇ ದಿನ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಕಾಲಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗದೆ ಇರುತ್ತವೆ. ಮಳೆಯಂಥ ಆ ಸದ್ದು ನಿಂತಿತ್ತು. ಅಮ್ಮ ಸುಣ್ಣದ ಪುಡಿ ಉದುರಿಸುತ್ತಿದ್ದಳು, ನಾನು ತಟ್ಟೆ ಹಿಡಿದಿದ್ದೆ. ಅಡಗಿಕೊಳ್ಳಲು ಈ ಸಲ ಏನೂ ಇರಲಿಲ್ಲ.

"ಅಮ್ಮ. ಅತ್ತಿಗೆ ಹೇಳಿಸಲಿಲ್ಲ. ರಾಮೇಶ್ವರ ಅಂದಿದ್ದು ನಾನೇ. ಅವರಿಗೆ ಗೊತ್ತಾಗಿದ್ದೇ ಆಮೇಲೆ."

ಅಮ್ಮನ ಬೆರಳುಗಳಿಂದ ಸುಣ್ಣ ಉದುರುವುದು ನಿಂತಿತು. ಬೈಗುಳಕ್ಕೆ ಕಾದೆ.

"ಮತ್ತೆ ಅವತ್ತು ಯಾಕೆ ಸುಮ್ನಿದ್ದೆ?"

"ಭಯ ಆಯ್ತು."

"ಅವಳಿಗೆ ಆಗಲಿಲ್ವಾ?" ಅಂದಳು ಮೆಲ್ಲಗೆ. ಇನ್ನೊಂದು ಹಿಡಿ ಸುಣ್ಣ ತೆಗೆದುಕೊಂಡು, "ಇಬ್ಬರೇ ಇರ್ಬೇಕು ಅಂತ ನನ್ನ ಹತ್ರಾನೇ ಹೇಳಿದ್ರೆ ನಾನೇನು ಬೇಡ ಅಂತಿದ್ನಾ?" ಅಂದಳು. ತಟ್ಟೆಯ ಅಂಚಿಗೆ ಬಿದ್ದ ಸುಣ್ಣವನ್ನು ಬೆರಳಿನಿಂದ ಒರೆಸಿದಳು. "ಅಂತಿದ್ನೇನೋ. ನೋಡು, ಅವಳು ಕಾಲಿಗೆ ಬೀಳಕ್ಕೆ ಬಂದ್ರೆ ಕಾಲೆಳ್ಕೊಂಡೆ. ಫೋನ್ ಹಚ್ಚು."

ಹಚ್ಚಿದೆ. ಅಮ್ಮ ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಬೈಲನ್ನು ಕಿವಿಗೆ ಒತ್ತಿ ಹಿಡಿದಳು. "ಪವಿತ್ರಾ," ಎಂದು ಕರೆದೂಬಿಟ್ಟಳು. ಆಮೇಲೆ ಮೊಬೈಲನ್ನು ನನಗೆ ಕೊಟ್ಟಳು. "ಯಾರೋ ಬೇರೆ ಹೆಂಗ್ಸು ಮಾತಾಡ್ತಾಳೆ. ಏನಂತೆ?"

"ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರಂತೆ."

ಅಣ್ಣನ ನಂಬರಿನಲ್ಲೂ ಅದೇ ಹೆಂಗಸು ಅದನ್ನೇ ಹೇಳಿದಳು. ಮಧ್ಯಾಹ್ನ ಹಚ್ಚಿದೆವು, ಸಂಜೆ ಹಚ್ಚಿದೆವು. ಫೋನು ಸಿಗದ ಜಾಗವನ್ನು ತಾರಸಿಯ ಮೇಲೆ ಕೂತು ಅಷ್ಟು ಆಸೆಯಿಂದ ಆರಿಸಿದವಳು ನಾನೇ ಅಲ್ಲವೇ. ಅಲ್ಲಿ, ಒಳಗಿನಿಂದ ಚಿಲಕವಿರುವ ಕೋಣೆಯಲ್ಲಿ, ಮಂಚದಿಂದಲೇ ಕಾಣುವ ಸಮುದ್ರದ ಮುಂದೆ ಅತ್ತಿಗೆ ಕೂತಿರುತ್ತಾರೆ, ಹಿಂದಕ್ಕೆ ಸರಿದ ಆ ಎರಡು ಕಾಲುಗಳನ್ನು ನೆನೆಯುತ್ತಾ. ಅಮ್ಮನ ಸಿಟ್ಟು ಇಳಿದದ್ದು ಅವರಿಗೆ ಇನ್ನು ಮೂರು ದಿನ ತಿಳಿಯುವುದಿಲ್ಲ.

"ಬಂದ್ಮೇಲೆ ಹೇಳ್ತೀನಿ ಬಿಡು," ಎಂದು ಅಮ್ಮ ಎದ್ದು ಒಳಗೆ ಹೋದಳು. ಚೈನಿಲ್ಲದ ಆ ಕಾಲುಗಳು ಯಾವಾಗ ಹೊಸ್ತಿಲು ದಾಟಿದವೋ, ನನಗೆ ಕೇಳಿಸಲಿಲ್ಲ.