ಹನ್ನೊಂದು ಗುಟ್ಟುಗಳ ಇಂದ್ರಾಬಾಯಿ

ಇಂದ್ರಾಬಾಯಿಯವರಿಗೆ ಕಿವಿ ಕೇಳುವುದಿಲ್ಲವೆಂದು ನಾನು ಎರಡು ವರ್ಷ ನಂಬಿದ್ದೆ. ಮುಂಬಯಿಯ ಸಯನ್‌ನ ನಮ್ಮ ಬಿಲ್ಡಿಂಗಿಗೆ ವಾರಕ್ಕೆ ಮೂರು ದಿನ ಜೋಳದ ರೊಟ್ಟಿ ತರುವ ಈಕೆ, ಮೂರನೇ ಮಹಡಿಯವರು ಎರಡನೇ ಮಹಡಿಯ ಸೊಸೆಯ ಬಗ್ಗೆ ಏನೇ ಹೇಳಿದರೂ ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ. ಅಂಥ ಸುದ್ದಿ ಕೇಳಿಯೂ ಸುಮ್ಮನಿರುವುದು ಮನುಷ್ಯಮಾತ್ರರಿಂದ ಆಗದ ಕೆಲಸ. ಆದ್ದರಿಂದ ಕಿವಿಯೇ ಮಂದ ಎಂದು ತೀರ್ಮಾನಿಸಿ, ಎಷ್ಟು ರೊಟ್ಟಿ ಬೇಕೆಂಬುದನ್ನು ಬೆರಳು ಎತ್ತಿ ತೋರಿಸಿ, ಗಂಟಲು ಹರಿಯುವಂತೆ ಕೂಗಿಯೂ ಹೇಳುತ್ತಿದ್ದೆ. ಒಂದು ದಿನ ಆಕೆ ಬುಟ್ಟಿ ಕೆಳಗಿಟ್ಟು ಮೆಲ್ಲಗೆ ಹೇಳಿದರು:

"ಯಾಕ್ ಹಂಗ ಒದರ್ತೀರಿ ಸಾಹೇಬ್ರ? ನಿಮ್ಮ ಮನ್ಯಾಗಿಂದು ನನಗ ಪಾವಟಿಗಿ ಏರೂ ಮುಂದನ ಎಲ್ಲಾ ಕೇಳಸ್ತೈತಿ."

ಅಂದಿನಿಂದ ನಮ್ಮ ಮನೆಯಲ್ಲಿ ಜಗಳಗಳು ಪಿಸುಮಾತಿನಲ್ಲಿ ನಡೆಯುತ್ತವೆ.

ವಿಜಯಪುರದ ಕಡೆಯ ಊರಿನಲ್ಲಿ ಕನ್ನಡ ಏಳನೇ ಇಯತ್ತೆ ಮುಗಿಸಿ, ಹತ್ತೊಂಬತ್ತಕ್ಕೆ ಮದುವೆಯಾಗಿ ವಿಕ್ರೋಳಿಯ ಒಂದು ಚಾಳಿಗೆ ಬಂದವರು ಇಂದ್ರಾಬಾಯಿ. ಗಂಡ ಬೇಗ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳನ್ನು ರೊಟ್ಟಿ ಬಡಿದೇ ಓದಿಸಿ ಮದುವೆ ಮಾಡಿದರು. ಮೂವತ್ತು ವರ್ಷದಲ್ಲಿ ಮುಂಬಯಿ ಅವರಿಂದ ರೊಟ್ಟಿ ಕೇಳಿತೇ ಹೊರತು ಆ ಏಳನೇ ಇಯತ್ತೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದವನು ಪ್ರೀತಮ್.

ಪ್ರೀತಮ್ ಇಲ್ಲಿಯೇ ಹುಟ್ಟಿ ಬೆಳೆದ ಹುಡುಗ, ವಯಸ್ಸು ಮೂವತ್ತು. ಜಾಹೀರಾತು ಚಿತ್ರಗಳಿಗೆ ಕ್ಯಾಮೆರಾ ಹಿಡಿದು ದುಡಿದದ್ದನ್ನೆಲ್ಲ ಸುರಿದು ಒಂದು ಕನ್ನಡ ಸಿನಿಮಾ ಮಾಡಲು ಹೊರಟಿದ್ದ. ಉತ್ತರ ಕರ್ನಾಟಕದ ಒಂದು ಸಣ್ಣ ಊರು, ಹನ್ನೆರಡು ಜನ, ಅವರ ಗುಟ್ಟುಗಳು. ಹೆಸರಿಟ್ಟರೆ ಆ ಹೆಸರಿನ ಊರಿನವರು ಜಗಳಕ್ಕೆ ಬರುತ್ತಾರೆಂದು ಊರಿಗೆ ಹೆಸರನ್ನೇ ಇಟ್ಟಿರಲಿಲ್ಲ. ನಟರೆಲ್ಲ ನಮ್ಮ ಕನ್ನಡ ಸಂಘದ ಹವ್ಯಾಸಿಗಳು. ನನ್ನದು ಪೋಸ್ಟ್ ಮಾಸ್ತರನ ಪಾತ್ರ. ಎಲ್ಲರಿಗೂ ನೌಕರಿ ಇದ್ದದ್ದರಿಂದ ರವಿವಾರ ಮಾತ್ರ ಶೂಟಿಂಗ್, ಅದೂ ಸಯನ್‌ನಲ್ಲಿರುವ ಸಂಘದ ಹಾಲ್ ಮತ್ತು ಅದರ ಹಿಂದಿನ ಕಲ್ಲುಹಾಸಿನ ಅಂಗಳದಲ್ಲಿ. ಪಕ್ಕದಲ್ಲೇ ರೈಲು ಹಳಿ. ಇಡೀ ಊರಿನ ಗುಟ್ಟೆಲ್ಲ ಎರಡು ಲೋಕಲ್‌ಗಳ ನಡುವಿನ ಮೂರು ನಿಮಿಷದಲ್ಲಿ ಹೊರಬರಬೇಕಿತ್ತು.

ಪ್ರೀತಮ್‌ನದೊಂದು ನಿಯಮವಿತ್ತು. ಯಾರಿಗೂ ಪೂರ್ತಿ ಕಥೆ ಕೊಡುವುದಿಲ್ಲ; ಅವರವರ ಮಾತಿನ ಹಾಳೆ ಅವರವರಿಗೆ. ನಮ್ಮ ಪಾತ್ರದ ಗುಟ್ಟು ನಮ್ಮ ಹಾಳೆಯಲ್ಲಿರುವುದಿಲ್ಲ, ಬೇರೆಯವರ ಹಾಳೆಯಲ್ಲಿರುತ್ತದೆ. "ಊರಲ್ಲಿ ಹಾಗೇ ಅಲ್ವಾ ಅಂಕಲ್? ನಮ್ ಬಗ್ಗೆ ನಮ್ಗೇ ಲಾಸ್ಟ್‌ಗೆ ಗೊತ್ತಾಗೋದು" ಎಂದಿದ್ದ. ನಿಯಮ ಸೊಗಸಾಗಿತ್ತು. ತೊಂದರೆ ಏನೆಂದರೆ, ಸಂಭಾಷಣೆಯನ್ನು ಅವನ ಅಪ್ಪ ಅಪ್ಪಟ ವಿಜಯಪುರದ ಮಾತಿನಲ್ಲಿ, ಮುತ್ತಿನಂಥ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟು, ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಹೋಗಿಬಿಟ್ಟಿದ್ದರು. ಇಲ್ಲಿ ಅದನ್ನು ಓದಬಲ್ಲವರು ಯಾರು? ಕನ್ನಡ ಸಂಘದಲ್ಲಿ ಕನ್ನಡ ಓದಲು ಬಾರದವರೇ ಹೆಚ್ಚು. ಅಧ್ಯಕ್ಷ ಅಣವೀರಪ್ಪನವರೂ ಅದರಲ್ಲಿ ಸೇರಿದ್ದರು. ನವೆಂಬರಿನ ಭಾಷಣವನ್ನು ಅವರು ಮರಾಠಿ ಲಿಪಿಯಲ್ಲಿ ಬರೆದುಕೊಂಡು ಗುಡುಗುತ್ತಾರೆ. ಇದು ಎಲ್ಲರಿಗೂ ಗೊತ್ತಿರುವುದರಿಂದ ಗುಟ್ಟಿನ ಲೆಕ್ಕಕ್ಕೆ ಬರುವುದಿಲ್ಲ. ಒಂದೆರಡು ಹಾಳೆಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ ಓದಿಸಿ ನೋಡಿದರೆ, ಪ್ರೇಮ ನಿವೇದನೆ ರೈಲ್ವೆ ಅನೌನ್ಸ್‌ಮೆಂಟಿನಂತೆ ಕೇಳಿಸಿತು.

ಹೀಗೆ, ಸಂಘಕ್ಕೂ ರೊಟ್ಟಿ ಕೊಡುತ್ತಿದ್ದ ಇಂದ್ರಾಬಾಯಿ ಬಂದರು. ಒಬ್ಬೊಬ್ಬರನ್ನೇ ಹಾಲ್‌ನ ಮೂಲೆಯಲ್ಲಿ ಕೂರಿಸಿ, ಅವರವರ ಹಾಳೆ ಓದಿ, ಮಾತು ನಾಲಿಗೆಗೆ ಹತ್ತುವ ತನಕ ಬಿಡುತ್ತಿರಲಿಲ್ಲ. ಮೊದಲ ದಿನವೇ ಪ್ರೀತಮ್ ಕೈಮುಗಿದು ಹೇಳಿದ್ದ, "ಮೌಶಿ, ಎಲ್ಲರ ಹಾಳೆ ಓದೋರು ನೀವೊಬ್ರೇ. ಯಾರಿಗೂ ಹೇಳ್ಬಾರ್ದು, ಪ್ರಾಮಿಸ್?" ಇಂದ್ರಾಬಾಯಿ ಚೀಲದಲ್ಲಿದ್ದ ಜೋಳದ ಹಿಟ್ಟಿನ ಡಬ್ಬಿ ತೆಗೆದು ಅದರ ಮೇಲೆ ಕೈಯಿಟ್ಟರು. ಅವರ ಕಡೆ ಅನ್ನದ ಮೇಲೆ ಕೈಯಿಟ್ಟರೆ ಮುಗಿಯಿತು.

ನಾನೂ ಪ್ರಯತ್ನಿಸಲಿಲ್ಲವೆಂದಲ್ಲ. ಪೋಸ್ಟ್ ಮಾಸ್ತರ ಪರರ ಪತ್ರ ಒಡೆಯುತ್ತಾನೋ ಏನೋ ಎಂಬ ಚಿಂತೆ ನನಗಿತ್ತು. ಚಹಾ ತರಿಸಿ, ಊರಿನ ವಿಷಯ ತೆಗೆದು, ಸುತ್ತಿ ಬಳಸಿ ಕೇಳಿದೆ. ಆಕೆ ಚಹಾ ಕುಡಿದು ಬಸಿಯನ್ನು ಬೋರಲು ಹಾಕಿ, "ನಿಮ್ಮ ಹಾಳಿ ತಗೀರಿ, 'ಳ' ನೆಟ್ಟಗ ಬರವಲ್ತು" ಎಂದರು.

ಅಣವೀರಪ್ಪನವರ ಕಷ್ಟ ಬೇರೆ ತರದ್ದು. ದಾದರ್‌ನಲ್ಲಿ ಬಟ್ಟೆ ಅಂಗಡಿ, ಹನ್ನೆರಡು ವರ್ಷದ ಅಧ್ಯಕ್ಷಗಿರಿ, ಫೋನೆತ್ತಿದರೂ "ಅಧ್ಯಕ್ಷ ಮಾತಾಡ್ತೀನಿ" ಅನ್ನುವ ರೂಢಿ. ಸಿನಿಮಾದಲ್ಲಿ ಅವರು ಊರ ಗೌಡ. ಅವರ ದೃಶ್ಯಗಳೆಲ್ಲ ಮುಗಿದ ಮೇಲೆ ಅವರಿಗೆ ನಿದ್ದೆ ಹತ್ತದಾಯಿತು. ಸಂಘದ ಚುನಾವಣೆ ಹತ್ತಿರ ಬಂದಿತ್ತು. ಪರದೆಯ ಮೇಲೆ ಗೌಡ ಕಳ್ಳನಾದರೆ? ಅದಕ್ಕಿಂತ ಕೆಟ್ಟವನಾದರೆ? ಸಿನಿಮಾ ಮುಗಿಯಲು ಉಳಿದಿದ್ದದ್ದು ಒಂದೇ ರವಿವಾರ. ಗೌಡರ ಸೊಸೆಯಾಗಿದ್ದ ಸೋನಾಲಿಗೆ ಬ್ಯಾಂಕಿನಿಂದ ಗುವಾಹಾಟಿಗೆ ವರ್ಗವಾಗಿ, ಸೋಮವಾರ ಅವಳ ವಿಮಾನ. ಅವಳ ಕೊನೆಯ ದೃಶ್ಯವಿಲ್ಲದೆ ಕಥೆ ಮುಗಿಯುತ್ತಿರಲಿಲ್ಲ. ಗುರುವಾರ ಮಧ್ಯಾಹ್ನ ಅಧ್ಯಕ್ಷರು ಹಾಲ್‌ಗೆ ಬಂದು ಇಂದ್ರಾಬಾಯಿಯವರ ಮುಂದೆ ನಿಂತರು. ಪ್ರೀತಮ್ ಮತ್ತು ನಾನು ಪಕ್ಕದಲ್ಲೇ ಇದ್ದೆವು.

"ಗೌಡ ಏನ್ ಮಾಡ್ಯಾನ? ಅಷ್ಟ ಹೇಳು, ಸಾಕು."

"ನಿಮ್ಮ ಹಾಳಿ ನಿಮಗ ಓದೀನ್ರಿ ಸಾವ್ಕಾರ್ರ. ಉಳಿದದ್ದು ನಿಮ್ಮದಲ್ಲ."

"ಹಾಲ್ ನಂದದ!"

"ಹಾಲ್ ಸಂಘದ್ದರಿ."

"ಸಂಘಂದ್ರ ಯಾರು? ನಾನಽ! ಹೇಳಲಿಲ್ಲಂದ್ರ ರವಿವಾರ ಈ ಕೀಲಿ ತಗಿಯೂದಿಲ್ಲ. ಸಂಘದ ರೊಟ್ಟಿನೂ ಬ್ಯಾರೇದವರಿಗೆ ಹೇಳ್ತೀನಿ."

"ಹೇಳ್ರಿ. ಸಿದ್ಧಾರೂಢ ನಗರದಾಗ ಒಬ್ಬಾಕಿ ಚಲೋ ಬಡೀತಾಳ. ನಂಬರ್ ಕೊಡ್ಲೇನ್ರಿ?"

ಅಧ್ಯಕ್ಷರು ಕೀಲಿಗೊಂಚಲು ಜೇಬಿಗೆ ಹಾಕಿಕೊಂಡು ಹೊರಟೇಹೋದರು. ಪ್ರೀತಮ್ ತಲೆ ಹಿಡಿದು ಕುಳಿತ. ಹೊಸ ಜಾಗಕ್ಕೆ ಬಾಡಿಗೆ ಕೊಡುವ ಶಕ್ತಿ ಅವನಿಗಿರಲಿಲ್ಲ.

"ಮೌಶಿ, ಹೇಳ್ಬಿಡೋಣ. ಒಬ್ರಿಗೆ ತಾನೆ. ಇಲ್ಲಾಂದ್ರೆ ಪಿಕ್ಚರ್ ಖತಮ್."

"ನೀ ಹೇಳ್ತೀಯೇನು, ಹೇಳು. ಕಥಿ ನಿಂದು. ನಾ ಮಾತ್ರ ಹಿಟ್ಟಿನ ಮ್ಯಾಲೆ ಕೈ ಇಟ್ಟೀನಿ. ಒಬ್ರಿಗೆ ಹೇಳಿದ್ರ ಉಳಿದವರ ಮಾರಿ ಹ್ಯಾಂಗ ನೋಡ್ಲಿ? ಏಳು, ಜಾಗಾ ನೋಡೂಣು."

"ಎಲ್ಲಿ?" ತನ್ನ ನಿಯಮವನ್ನು ತಾನೇ ಮುರಿಯಲು ಮನಸ್ಸಾಗದೆ ಪ್ರೀತಮ್ ಎದ್ದ.

"ನಮ್ಮ ಚಾಳಿನ್ಯಾಗ."

ಆ ಚಾಳನ್ನು ನಾನು ಬಲ್ಲೆ. ಇಪ್ಪತ್ತೆರಡು ಖೋಲಿಗಳು, ನಡುವೆ ಒಂದು ಅಂಗಳ, ಒಂದು ನಳ. ಎಲ್ಲ ಬಾಗಿಲ ಮುಂದೆಯೂ ಒಣಗುವ ಬಟ್ಟೆ, ಎಲ್ಲ ಒಳಮನೆಯಲ್ಲೂ ಹಾಡುವ ಟೀವಿ. ರವಿವಾರ ಹನ್ನೊಂದರಿಂದ ನಾಲ್ಕರ ತನಕ ಅದು ಮೌನವಾಗಿರುತ್ತದೆಂದರೆ ಮುನಿಸಿಪಾಲಿಟಿಯೂ ನಂಬುವುದಿಲ್ಲ. ಇಂದ್ರಾಬಾಯಿ ಶುಕ್ರವಾರ, ಶನಿವಾರ ಎರಡೂ ದಿನ ರೊಟ್ಟಿಗೆ ರಜೆ ಹಾಕಿ ಮನೆಮನೆ ಹತ್ತಿದರು. ಬಟ್ಟೆ ತೆಗೆಯಬೇಕು, ಡಿಶ್‌ಗಳಿಗೆ ಗೋಣಿಚೀಲ ಹೊದಿಸಬೇಕು, ಕುಕ್ಕರ್ ಕೂಗಬಾರದು. ಜನ ಒಪ್ಪಿದರು. ಮರಾಠಿಯವರು, ತಮಿಳರು, ಬಿಹಾರದವರು, ಎಲ್ಲರೂ. ಈ ಹೆಂಗಸಿನ ಮುಂದೆ ಅತ್ತುಕೊಳ್ಳದವರು ಆ ಚಾಳಿನಲ್ಲಿ ಒಬ್ಬರೂ ಇರಲಿಲ್ಲ; ಅತ್ತದ್ದು ಮರುದಿನ ನಳದ ಹತ್ತಿರ ಯಾರ ಕಿವಿಗೂ ಬಿದ್ದಿರಲಿಲ್ಲ.

ಚಂಪಾ ಎಂಬವಳೊಬ್ಬಳು ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕಲಬುರಗಿ ಕಡೆಯವಳು, ಎದುರು ಖೋಲಿ, ದೊಡ್ಡ ಗಂಟಲು.

"ರವಿವಾರ ಒಂದಽ ದಿನಾ ನಮಗ ಟೀವಿ ಸಿಗ್ತದ. ನಿನ್ ಪಿಚ್ಚರ್ ಸಲಾಕ ನಾವ್ಯಾಕ ಬಾಯಿ ಮುಚ್ಕೊಂಡ್ ಕುಂದರಬೇಕು?"

"ಚಂಪಾ, ನಿನ್ನ ಸಲುವಾಗಿ ನಾ ಹದಿನಾರು ವರ್ಷ ಬಾಯಿ ಮುಚ್ಚೀನಿ. ನೀ ಐದು ತಾಸು ಮುಚ್ಚು."

ಚಂಪಾ ಟೀವಿಯ ವೈರನ್ನೇ ಕಿತ್ತು ತಂದುಕೊಟ್ಟಳು. ಹದಿನಾರು ವರ್ಷದ ಹಿಂದೆ ಏನಾಗಿತ್ತೆಂದು ನಾನು ಕೇಳಲಿಲ್ಲ. ಕೇಳಿದ್ದರೆ 'ಳ' ತಿದ್ದಿಸಿಕೊಳ್ಳಬೇಕಾಗುತ್ತಿತ್ತು.

ರವಿವಾರ ವಿಕ್ರೋಳಿಯ ಆ ಚಾಳು ವಿಜಯಪುರದ ಕಡೆಯ ಹೆಸರಿಲ್ಲದ ಊರಾಯಿತು. ಹಿಂದಿಯಲ್ಲೇ ಕನಸು ಕಾಣುವ ಹುಡುಗಿ ಸೋನಾಲಿ, ನಳದ ಕಟ್ಟೆಯ ಮೇಲೆ ಕುಳಿತು ಒಂದೂವರೆ ಪುಟದ ಮಾತನ್ನು ಆಡಬೇಕಿತ್ತು. ಮೂರು ಸಲ ತಪ್ಪಿದಳು. ನಾಲ್ಕನೆಯ ಸಲ ಅಳಲು ಶುರುಮಾಡಿದಳು. ಇಂದ್ರಾಬಾಯಿ ಕ್ಯಾಮೆರಾದ ಹಿಂದೆ, ಅವಳ ಕಣ್ಣಿಗೆ ಕಾಣುವಂತೆ ಹೋಗಿ ನಿಂತು, ದನಿ ಇಲ್ಲದೆ ತುಟಿಯಲ್ಲೇ ಒಂದೊಂದು ಮಾತನ್ನೂ ಆಡುತ್ತ ಹೋದರು. ಬಿಸಿಲು ನೆತ್ತಿಗೆ ಬಂದಿತ್ತು. ಏಳನೆಯ ಸಲ ಸೋನಾಲಿ ಒಂದಕ್ಷರ ಎಡವದೆ ಕೊನೆ ಮುಟ್ಟಿದಳು. ಗ್ಯಾಲರಿಯಲ್ಲಿ ನಿಂತಿದ್ದ ಇಪ್ಪತ್ತೆರಡು ಮನೆಯವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಚಂಪಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಐದು ತಿಂಗಳ ನಂತರ ದಾದರ್‌ನ ಒಂದು ಸಣ್ಣ ಸಭಾಗೃಹದಲ್ಲಿ ಸಿನಿಮಾ ತೋರಿಸಿದರು. ಚುನಾವಣೆಯಲ್ಲಿ ಅವಿರೋಧವಾಗಿ ಗೆದ್ದಿದ್ದ ಅಣವೀರಪ್ಪನವರು ಮೊದಲ ಸಾಲಿನಲ್ಲಿ, ಕುರ್ಚಿಯ ಕೈ ಬಿಗಿಹಿಡಿದು ಕುಳಿತಿದ್ದರು. ಒಂದೊಂದಾಗಿ ಗುಟ್ಟು ಒಡೆಯಿತು. ಪೋಸ್ಟ್ ಮಾಸ್ತರ ಪತ್ರ ಒಡೆಯುತ್ತಿದ್ದ, ಹೌದು. ಶಾಲೆಯ ಮಾಸ್ತರರಿಗೆ ಇನ್ನೊಂದು ಸಂಸಾರವಿತ್ತು. ಸೊಸೆ ಯಾರಿಗೂ ಹೇಳದೆ ನೌಕರಿಗೆ ಅರ್ಜಿ ಹಾಕಿದ್ದಳು. ಹನ್ನೊಂದು ಗುಟ್ಟು ಮುಗಿದು ದೀಪ ಹತ್ತಿತು. ಗೌಡನದು ಬರಲೇ ಇಲ್ಲ. ಊರಿಗೆಲ್ಲ ಗುಟ್ಟಿಲ್ಲದ ಮನುಷ್ಯ ಅವನೊಬ್ಬನೇ; ಕಥೆಯೇ ಹಾಗಿತ್ತು.

ಅಧ್ಯಕ್ಷರು ಒಂದು ನಿಮಿಷ ಹಗುರಾದರು. ಮರುನಿಮಿಷ ಮುಖ ಗಂಟಿಕ್ಕಿಕೊಂಡು ನೆಟ್ಟಗೆ ಇಂದ್ರಾಬಾಯಿಯವರ ಹತ್ತಿರ ಬಂದರು.

"ಏನೂ ಇದ್ದಿದ್ದಿಲ್ಲ! ಇದನ್ನ ಅವತ್ತಽ ಹೇಳಾಕ ಏನಾಗಿತ್ತು ನಿನಗ?"

"ಇದ್ದಿದ್ದಿಲ್ಲ ಅನ್ನೂದು ಒಂದು ಸುದ್ದಿನ ಅಲ್ಲೇನ್ರಿ?"

"ಅಲ್ಲಾ, ಊರ ಗೌಡಗ ಒಂದ ಗುಟ್ಟಿಲ್ಲಂದ್ರ ಅವಾ ಎಂಥಾ ಗೌಡ? ಸಣ್ಣ ಸಣ್ಣ ಮಂದಿಗೆಲ್ಲಾ ಒಂದೊಂದು ಕೊಟ್ಟಾನ ಆ ಹುಡುಗ!" ಎಂದವರು, ಸುತ್ತ ನೋಡಿ ದನಿ ತಗ್ಗಿಸಿದರು. "ನಿನ್ ಮಾತು ಕೇಳ್ತಾನ ಅಂವ. ಮುಂದಿನ ಪಿಚ್ಚರ್‌ದಾಗ ನನಗ ಒಂದ ದೊಡ್ಡ ಗುಟ್ಟು ಇಡಸ್ತೀಯೇನು?"

ಇಂದ್ರಾಬಾಯಿ ಬುಟ್ಟಿ ಎತ್ತಿಕೊಂಡರು.

"ನಿಮಗ್ಯಾಕ್ರಿ ಸಾವ್ಕಾರ್ರ ಗುಟ್ಟು? ದಾದರದಾಗ ಕೊಟ್ರ ಸಯನ್ ಬರೂದ್ರಾಗ ರೈಲಿನ ಡಬ್ಬಿಗೆಲ್ಲಾ ಹಂಚಿರ್ತೀರಿ."