ಗಂಟು ಮೇಡಂ ಮನೆಯ ಹಸಿರು ಹಗ್ಗ

ಬೆಳಕು ಹರಿಯುವ ಹೊತ್ತು. ಹಾಲಿನವನಿನ್ನೂ ಬಂದಿಲ್ಲ. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕುಳಿತ ಆಕೆ, ಗಂಟು ಹಾಕಿದ ನೈಲಾನ್ ಹಗ್ಗದ ಎರಡೂ ತುದಿಗಳನ್ನು ಮೇಣದಬತ್ತಿಯ ಉರಿಗೆ ಹಿಡಿದು, ಕರಗಿದ್ದೇ ತಡ ಒಂದಕ್ಕೊಂದು ಒತ್ತುತ್ತಾರೆ. ಈಗ ಹಗ್ಗಕ್ಕೆ ತುದಿಯೇ ಇಲ್ಲ. ಇಂಥ ಗಂಟು ಕತ್ತರಿ ಮುಟ್ಟಿಸದೆ ಬಿಚ್ಚಿ ಬಳೆಯಂತೆ ದುಂಡಗಾಗುತ್ತದೋ ಇಲ್ಲವೋ? ಬಿಡಿಸಿ ನೋಡದೆ, ಲೆಕ್ಕ ಹಾಕಿಯೇ ಅದನ್ನು ಹೇಳುವ ನಿಯಮವೊಂದನ್ನು ಹುಡುಕುವುದು ಈ ಗಣಿತಜ್ಞೆಯ ಕೆಲಸ.

ಬೀದಿಯವರಿಗೆ ಆಕೆ ‘ಗಂಟು ಮೇಡಂ’. ಹಗಲು ಕಾಲೇಜೊಂದರಲ್ಲಿ ವಾಣಿಜ್ಯ ವಿಭಾಗದ ಮಕ್ಕಳಿಗೆ ಬಡ್ಡಿ ಲೆಕ್ಕ ಹೇಳಿಕೊಡುತ್ತಾರೆ. ನೌಕರಿ ಇಂದಿಗೂ ತಾತ್ಕಾಲಿಕ. ಸ್ಟಾಫ್ ರೂಮಿನಲ್ಲಿ ಆಕೆಗೊಂದು ಕುರ್ಚಿಯಿದೆ, ಮೇಜಿಲ್ಲ. “ಇದರಿಂದ ಏನುಪಯೋಗ ಅಂತ ಎಲ್ರೂ ಕೇಳ್ತಾರೆ. ಪದಬಂಧ ಬಿಡಿಸೋರನ್ನ ಮಾತ್ರ ಯಾರೂ ಕೇಳಲ್ಲ ನೋಡಿ,” ಎಂದು ನಗುತ್ತಾರೆ.

ಕಿಟಕಿಯ ಸರಳು, ಬಾಗಿಲ ಚಿಲಕ, ಕುರ್ಚಿಯ ಬೆನ್ನು, ಎಲ್ಲೆಂದರಲ್ಲಿ ಗಂಟುಗಳು ನೇತಾಡುತ್ತವೆ. ಸ್ವೆಟರ್ ಹೆಣೆದು ಸಂಸಾರ ತೂಗಿಸಿದ ಅತ್ತೆಗೋ, ಸಿಕ್ಕು ಕಂಡರಾಗದು. “ಅವಳು ಕಟ್ತಾಳೆ, ನಾನು ಧೂಳು ಹೊಡೀತೀನಿ,” ಎಂದು ಗೊಣಗುತ್ತಾರೆ.

ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಆಕೆ ಆ ನಿಯಮ ಕಂಡುಕೊಂಡಿದ್ದರು. ಬರೆದು ಕಳಿಸಿದರೆ, ಪುಟ ತಿರುವಿಯೂ ನೋಡದೆ ಹಿಂದಿರುಗಿಸಿದವರೇ ಹೆಚ್ಚು. ಕಳೆದ ವರ್ಷ ಒಂದು ಗಣಿತ ಪತ್ರಿಕೆ ಹೇಗೋ ಒಪ್ಪಿತು. ಅಚ್ಚಾದರೆ ನೌಕರಿ ಕಾಯಂ ಎಂದು ಕಾಲೇಜಿನವರೂ ಮಾತು ಕೊಟ್ಟರು. ಅದೇ ವಾರ ಸಂಜೆ ಮನೆಗೆ ಬಂದು ನೋಡಿದರೆ, ನಿಯಮದ ಪ್ರಕಾರ ಜಪ್ಪಯ್ಯ ಎಂದರೂ ಬಿಚ್ಚಬಾರದಿದ್ದ ಹಸಿರು ಗಂಟು ಕಾಣೆ! ಹಿತ್ತಿಲಲ್ಲಿ ಎರಡು ಮೊಳೆಗಳನ್ನು ಬಳಸಿ ಹಸಿರು ಹಗ್ಗ ಜೋಡಿ ಎಳೆಯಾಗಿ ಬಿಗಿದು ನಿಂತಿತ್ತು, ಮೇಲೆ ಒದ್ದೆ ಟವೆಲ್‌ಗಳು.

“ಕತ್ತರಿಸಿದ್ರಾ ಅತ್ತೆ?” ಎಂದು ಆಕೆ ಕೇಳಿದರು. ಹೌದು ಎಂದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರಂತೆ.

“ಅಯ್ಯೋ, ಒಳ್ಳೇ ಹಗ್ಗ ಯಾರಾದ್ರೂ ಕತ್ತರಿಸ್ತಾರಾ? ಮಧ್ಯಾಹ್ನ ಪೂರ್ತಿ ಕೂತು ಬಿಡಿಸಿದೆ. ಮೊದಲು ಇನ್ನಷ್ಟು ಸಿಕ್ಕು ಮಾಡ್ಕೋಬೇಕು, ಆಮೇಲೇ ಅದು ಸಡಿಲ ಆಗೋದು.”

ಟವೆಲ್‌ಗಳನ್ನು ಸರಿಸಿ ಆಕೆ ಹಗ್ಗದುದ್ದಕ್ಕೂ ಬೆರಳಾಡಿಸಿದರು. ತಾನೇ ಬೆಸೆದ ಜಾಗದ ಕಪ್ಪು ಗುಬುಟು ಹಾಗೇ ಇತ್ತು. ಬೇರೆಲ್ಲೂ ಕತ್ತರಿಸಿದ ಗುರುತಿರಲಿಲ್ಲ. ನಿಯಮ ತಪ್ಪಾಗಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಕೆ ಮರುದಿನವೇ ಲೇಖನ ವಾಪಸ್ ಪಡೆದರು. ಕಾಯಂ ನೌಕರಿಯ ಮಾತೂ ಅಲ್ಲಿಗೇ ನಿಂತಿತು. ಈ ಮಾತು ಬಂದರೆ ಅತ್ತೆಯ ಕಣ್ಣು ಇಂದಿಗೂ ತುಂಬಿಕೊಳ್ಳುತ್ತದೆ. “ಕೈಯಾರೆ ಅವಳ ಅನ್ನಕ್ಕೆ ಕಲ್ಲು ಹಾಕ್ದೆ,” ಎನ್ನುತ್ತಾರೆ.

ಆದರೆ ಗಂಟು ಮೇಡಂ ಕೈಕಟ್ಟಿ ಕೂತಿಲ್ಲ. ಹಳೆಯ ನಿಯಮ ಎಡವಿದ್ದೆಲ್ಲಿ ಎಂದು ಕೆದಕಿ ಹೊಸದೊಂದನ್ನು ಕಟ್ಟಿದ್ದಾರೆ. ಇಂದು ಬೆಳಗ್ಗೆ ಬೆಸೆದದ್ದು, ಅದರ ಪ್ರಕಾರ ಬಿಚ್ಚಬಾರದ ಮೊದಲ ಗಂಟು. ಹಗ್ಗ ಆರಿದ ಮೇಲೆ ಅದನ್ನು ಕಿಟಕಿಗೆ ತೂಗುಹಾಕದೆ ತಂದು ಅತ್ತೆಯ ಮಡಿಲಿಗೆ ಹಾಕುತ್ತಾರೆ.

ಅತ್ತೆ ಬೆಚ್ಚಿ ಕೈ ಹಿಂದೆಳೆದುಕೊಳ್ಳುತ್ತಾರೆ. “ಬೇಡಮ್ಮ, ಇದೂ ಬಿಚ್ಚಿಹೋದ್ರೆ?”

“ಹೋದ್ರೆ ಹೋಗ್ಲಿ ಅತ್ತೆ. ಇಷ್ಟು ವರ್ಷದಲ್ಲಿ ನನ್ನ ಕೆಲಸನ ಕೈಗೆತ್ಕೊಂಡು ನೋಡಿದ್ದು ನೀವೊಬ್ರೇ.”