ಕಾಡಸಿದ್ದಪ್ಪ ನೋಡದ ಸಿನಿಮಾ

ತಿಪಟೂರು ಸೀಮೆಯಲ್ಲಿ ಕೊಬ್ಬರಿ ಅಟ್ಟವಿರುವ ಮನೆಗಳವರು ಕಾಡಸಿದ್ದಪ್ಪನಿಗಿಂತ ಅವನ ಬಲಗಿವಿಗೆ ಹೆಚ್ಚು ಮರ್ಯಾದೆ ಕೊಡುತ್ತಿದ್ದರು. ಅವನು ಹುಟ್ಟಿದ್ದು ದಂಡಿನಶಿವರದಲ್ಲಿ, ಸಂಸಾರ ಹೂಡಿದ್ದು ತಿಪಟೂರಿನಲ್ಲಿ. ಕೆಲಸ, ಮಂಡಿಯ ವರ್ತಕರ ಪರವಾಗಿ ಕಂದಿಕೆರೆ, ಕೆಂಕೆರೆ ಎಂದು ಊರೂರು ತಿರುಗಿ ಅಟ್ಟ ಹತ್ತುವುದು. ಅಟ್ಟದ ಮೇಲೆ ತೆಂಗಿನಕಾಯಿ ಹೆಚ್ಚೂಕಡಿಮೆ ಒಂದು ವರ್ಷ ಸುಮ್ಮನೆ ಬಿದ್ದಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆಯಾದಾಗಲೇ ಅದು ಕೊಬ್ಬರಿ. ಹಾಗಾಗಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಾಣುವ ಸಂಗತಿಯಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಬೇಕು. ಕಟಕಟ ಎಂದರೆ ಸುಲಿಸಬಹುದು. ಲೊಳಲೊಳ ಎಂದರೆ ಕಾಯಬೇಕು. ಸದ್ದೇ ಇಲ್ಲವೆಂದರೆ ತಿರುಳು ಇನ್ನೂ ಚಿಪ್ಪಿಗೆ ಕಚ್ಚಿಕೊಂಡಿದೆ, ಅಥವಾ ಒಳಗೇ ಕೆಟ್ಟಿದೆ. ಕಾಯಿ ಒಡೆಯದೆ ಒಳಗನ್ನು ಹೇಳುವ ಈ ವಿದ್ಯೆಯಲ್ಲಿ ಕಾಡಸಿದ್ದಪ್ಪ ತಪ್ಪಿದ್ದು ಕಡಿಮೆ.

ವಿದ್ಯೆ ಅಟ್ಟದಲ್ಲೇ ಉಳಿದಿದ್ದರೆ ಅವನ ಬಾಳು ಗೌರವದಿಂದ ಸಾಗುತ್ತಿತ್ತು. ಅದು ಅವನ ಜೊತೆಯಲ್ಲೇ ಏಣಿ ಇಳಿದು ಬಂದದ್ದು ತೊಂದರೆಯಾಯಿತು. ಮನೆಯ ಫ್ರಿಜ್ಜನ್ನು ಅವನು ಅಂಗಡಿಯಲ್ಲಿ ಬಾಗಿಲು ತೆಗೆಯದೆ, ಪಕ್ಕೆ ತಟ್ಟಿ ನೋಡಿ ಕೊಂಡಿದ್ದ. ಅದು ಈಗಲೂ ಹಾಲನ್ನು ಬೆಚ್ಚಗೆ ಕಾಪಾಡುತ್ತದೆ. ಅಳಿಯನಾಗಲಿದ್ದ ಹುಡುಗನನ್ನು ಎದುರು ಕೂರಿಸಿಕೊಂಡು ಮಾತನಾಡಿಸದೆ, ಅವನು ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತನಾಡುವುದನ್ನು ಆಲಿಸಿ ಒಪ್ಪಿಗೆ ಕೊಟ್ಟಿದ್ದ. ಅಳಿಯ ಒಳ್ಳೆಯವನೇ ಆದ. ಆದರೆ ಅದರಲ್ಲಿ ತನ್ನ ಕಿವಿಯ ಪಾಲು ಫ್ರಿಜ್ಜಿನಲ್ಲಿದ್ದಷ್ಟೇ ಎಂದು ಈಗ ಕಾಡಸಿದ್ದಪ್ಪನೇ ಹೇಳಿಕೊಳ್ಳುತ್ತಾನೆ.

ಸಿನಿಮಾ ವಿಷಯದಲ್ಲಿ ಮಾತ್ರ ಅವನ ಕೀರ್ತಿ ಊರು ತುಂಬಿತ್ತು. ಟಾಕೀಸಿನ ಎದುರಿಗೆ ಅವನ ಬಹುಕಾಲದ ಗೆಳೆಯ ಗುಲಾಮ್ ರಸೂಲನ ಟೈಲರ್ ಅಂಗಡಿ. ಶುಕ್ರವಾರ ಹೊಸ ಚಿತ್ರ ಬಂದರೆ ಕಾಡಸಿದ್ದಪ್ಪ ಆ ಅಂಗಡಿಯ ಬೆಂಚಿನ ಮೇಲೆ ಕುಳಿತು, ಮೊದಲ ಆಟ ಬಿಟ್ಟಾಗ ಹೊರಬರುವ ಜನರ ಗಲಾಟೆಗೆ ಕಿವಿಗೊಡುತ್ತಿದ್ದ. ಮೆಟ್ಟಿಲಿಳಿಯುವಾಗ ಮಾತು ಕಟಕಟ ಎಂದು ಸಿಡಿದರೆ ಚಿತ್ರ ಗೆದ್ದಿತು. ಬೈಕಿನ ಬೀಗ, ಊಟ, ಬಸ್ಸಿನ ಹೊತ್ತು ಎಂದು ಲೊಳಲೊಳ ಹರಿದರೆ ಸೋತಿತು. ಕೇಳಿದವರಿಗೆಲ್ಲ ತೀರ್ಪು ಅಲ್ಲೇ ಸಿಗುತ್ತಿತ್ತು. ಚಿತ್ರ ನೋಡಿದ್ದೇನೆಂದು ಅವನು ಎಂದೂ ಹೇಳಿದವನಲ್ಲ, ನೋಡಿಲ್ಲವೆಂದೂ ಹೇಳಿರಲಿಲ್ಲ. ಅವನು ಚೆನ್ನಾಗಿದೆ ಎಂದದ್ದು ಓಡುತ್ತಿತ್ತು, ಇಲ್ಲವೆಂದದ್ದು ಬೇಗನೆ ಎತ್ತಂಗಡಿಯಾಗುತ್ತಿತ್ತು. ಇದು ತನ್ನ ಕಿವಿಯ ಪ್ರತಾಪವೆಂದೇ ಅವನು ನಂಬಿದ್ದ. ತಾನು ಹೇಳಿದ್ದರಿಂದಲೇ ಜನ ಹೋಗುತ್ತಿದ್ದಾರೆ ಅಥವಾ ಹೋಗದೆ ಉಳಿಯುತ್ತಿದ್ದಾರೆ ಎಂಬ ಸಣ್ಣ ಅನುಮಾನ ಹುಟ್ಟಬೇಕಾದರೆ ಹೆಂಡತಿ ಮಾತು ನಿಲ್ಲಿಸಬೇಕಾಯಿತು.

ಹೆಂಡತಿ ಮೀನಾಕ್ಷಮ್ಮ ಬಯಕೆಗಳನ್ನು ಬಾಯಿಬಿಟ್ಟು ಹೇಳುವ ಹೆಂಗಸಲ್ಲ. ಆದರೆ ಆ ವರ್ಷ, ವಿದೇಶದಲ್ಲಿ ಕೋಟಿ ಕೋಟಿ ಸುರಿದು ಮಾಡಿದ ವೈಜ್ಞಾನಿಕ ಕಲ್ಪನೆಯ ಚಿತ್ರವೊಂದು ಕನ್ನಡದ ಮಾತು ಹೊತ್ತು ಬರುತ್ತದೆ ಎಂದಾಗ, ಅದರ ತುಣುಕನ್ನು ಅವಳು ರಸೂಲನ ಹೆಂಡತಿ ಖುರ್ಷಿದ್ ಬೇಗಮಳ ಫೋನಿನಲ್ಲಿ ನೋಡಿದಳು. ಯಾವುದೋ ಗ್ರಹದಲ್ಲಿ ಕಡಲು ನೆಲದ ಮೇಲೆ ಮಲಗದೆ ಗೋಡೆಯಂತೆ ಎದ್ದು ಆಕಾಶಕ್ಕೆ ನಿಂತಿತ್ತು. ಅದರೊಳಗೆ ಮೈಯೆಲ್ಲ ಬೆಳಕಾದ ಮೀನುಗಳು ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದವು. ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಆ ನೀರಿನ ಗೋಡೆಯ ಬುಡದಲ್ಲಿ ಇರುವೆಯಷ್ಟು ಚಿಕ್ಕದಾಗಿ ನಿಂತಿದ್ದಳು. ಅಂದು ಊಟಕ್ಕೆ ಬಡಿಸುವಾಗ ಮೀನಾಕ್ಷಮ್ಮ, "ರೀ, ಆ ಪಿಕ್ಚರ್ ಬಂದಾಗ ಹೋಗಾಣ. ನೀವೂ ಬರ್ಬೇಕು" ಎಂದಳು.

ಕಾಡಸಿದ್ದಪ್ಪ ಒಪ್ಪಿದ. ಹೇಗಿದೆಯೆಂದು ಮೊದಲು ತಿಳಿದುಕೊಂಡು ಆಮೇಲೆ ಹೋಗೋಣ ಎಂದು ಒಂದು ಮಾತು ಸೇರಿಸಿದ. ಅವಳು ಸಾರಿನ ಸೌಟನ್ನು ಪಾತ್ರೆಗೆ ಹಾಕಿದ ರಭಸ ಅವನ ಹೆಸರಾಂತ ಕಿವಿಗೆ ಬೀಳಲಿಲ್ಲ.

ಚಿತ್ರ ಬಂದ ಶುಕ್ರವಾರ ರಸೂಲ್ ಜುಮಾ ನಮಾಜು ಮುಗಿಸಿ ಬಂದು, ಅಂಗಡಿಯನ್ನು ಗೆಳೆಯನಿಗೊಪ್ಪಿಸಿ ನೇರ ಮ್ಯಾಟಿನಿಗೆ ಹೋದ. ಆಟ ಬಿಟ್ಟಿತು. ಕಾಡಸಿದ್ದಪ್ಪ ಬೆಂಚಿನ ಅಂಚಿಗೆ ಸರಿದು ಕಿವಿ ಕೊಟ್ಟ. ಏನೂ ಕೇಳಿಸಲಿಲ್ಲ. ಜನ ಮೆಟ್ಟಿಲಿಳಿದರು, ಟಾಕೀಸಿನವರು ಕೊಟ್ಟಿದ್ದ ತ್ರೀಡಿ ಕಪ್ಪು ಕನ್ನಡಕವನ್ನು ಡಬ್ಬಿಗೆ ಹಾಕಿದರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಹೊರಟರು. ರಸೂಲನೂ ಬಂದು ಮಷೀನಿನ ಮುಂದೆ ಕುಳಿತವನು, ಸೂಜಿಗೆ ದಾರ ಪೋಣಿಸುವುದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಅಲುಗಾಡಿಸಿದರೂ ಸದ್ದಿಲ್ಲ. ಕಾಡಸಿದ್ದಪ್ಪನಿಗೆ ಯೋಚಿಸಬೇಕಾದ ಅಗತ್ಯವೇ ಕಾಣಲಿಲ್ಲ.

ಅಷ್ಟರಲ್ಲಿ ಮಂಡಿಯಲ್ಲಿ ತೂಕ ಹಾಕುವ ಮಾಯಣ್ಣ ಬೈಕು ನಿಲ್ಲಿಸಿ, "ಸಿದ್ದಣ್ಣ, ಹೆಂಗೈತೆ?" ಎಂದು ಕೇಳಿದ.

"ಕಣ್ಣಿಗೇನೋ ಚೆನ್ನಾಗೈತೆ ಕಣಪ್ಪ," ಎಂದ ಕಾಡಸಿದ್ದಪ್ಪ. "ಒಳಗೆ ತಿರುಳಿಲ್ಲ."

ಆ ಮಾತು ಅವನಿಗೇ ಬಹಳ ಹಿಡಿಸಿತು. ಆಮೇಲೆ ಕೇಳಿದವರಿಗೂ ಅದನ್ನೇ, ನಡುವೆ ತುಸು ಬಿಡುವು ಕೊಟ್ಟು, ಹೇಳಿದ. ಸಂಜೆ ಮನೆಯಲ್ಲೂ ಹೇಳಿ, ದುಡ್ಡೂ ಹೊತ್ತೂ ಉಳಿಯಿತು ಎಂದ. ಮೀನಾಕ್ಷಮ್ಮ, "ಆಯ್ತು ಬುಡಿ" ಎಂದಳು.

ಮಾರನೆಯ ದಿನ ಅವನ ಕಿವಿಗೆ ಹಬ್ಬ. ಕಟಿಂಗ್ ಅಂಗಡಿಯಲ್ಲಿ ಯಾರೋ, ಕಣ್ಣಿಗೆ ಚೆನ್ನಾಗಿದೆಯಂತೆ, ಒಳಗೆ ತಿರುಳಿಲ್ಲವಂತೆ ಎಂದರು. ಮಂಡಿಯಲ್ಲಿ ಕೊಬ್ಬರಿ ಚೀಲದ ಮೇಲೆ ಕುಳಿತವರು ಅದನ್ನೇ ಆಡಿದರು. ಟಾಕೀಸಿನ ಬಾಗಿಲಲ್ಲಿ ಮೈಕು ಹಿಡಿದು ಪ್ರೇಕ್ಷಕರ ಅಭಿಪ್ರಾಯ ಕೇಳುವ ಫೋನಿನ ಚಾನೆಲ್ಲಿನಲ್ಲೂ, ಗ್ರಾಫಿಕ್ಸು ಸೂಪರ್, ತಿರುಳು ಮಾತ್ರ ಇಲ್ಲ ಎಂದು ಒಬ್ಬ ಘನಗಂಭೀರವಾಗಿ ನುಡಿದ. ಇಷ್ಟು ಜನ ಬೇರೆ ಬೇರೆಯಾಗಿ ನೋಡಿ ಒಂದೇ ಮಾತು ಹೇಳಬೇಕಾದರೆ ಅದು ಸತ್ಯವೇ ಸರಿ ಎಂದು ಕಾಡಸಿದ್ದಪ್ಪ ಹೆಮ್ಮೆಪಟ್ಟ. ತನ್ನ ಪದಗಳು ತನ್ನ ಅಂಗಿಯನ್ನೇ ತೊಟ್ಟು ಎದುರಿಗೆ ಬರುತ್ತಿದ್ದರೂ ಅವನಿಗೆ ಗುರುತು ಹತ್ತಲಿಲ್ಲ.

ಭಾನುವಾರ ಮೀನಾಕ್ಷಮ್ಮ ಅವನನ್ನು ಕೇಳದೆ ಖುರ್ಷಿದ್ ಬೇಗಮಳ ಜೊತೆ ಆ ಚಿತ್ರಕ್ಕೆ ಹೋಗಿಬಂದಳು. ಬಂದವಳು ಸೀರೆ ಬದಲಾಯಿಸಿ, ಅವರೆಕಾಯಿ ಸುಲಿಯಲು ಕುಳಿತಳು. ಕಾಡಸಿದ್ದಪ್ಪ ಪೇಪರು ಮಡಿಚಿಟ್ಟ. ಬಿಚ್ಚಿದ. ಕೊನೆಗೆ, ಹೇಗಿತ್ತು ಎಂದು ಕೇಳಿದ.

"ನಿಮಗೆ ಗೊತ್ತಲ್ಲ," ಎಂದಳು ಅವಳು.

ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಇದ್ದಿದ್ದರೆ ಅವನಿಗೆ ಹಿಡಿತ ಸಿಗುತ್ತಿತ್ತು. ಅಂದಿನಿಂದ ಮನೆಯಲ್ಲಿ ಊಟ, ಔಷಧಿ, ನೀರಿನ ಮೋಟಾರು ಇವುಗಳ ಮಾತು ಮಾತ್ರ ಉಳಿಯಿತು. ಊರಿನ ಅಟ್ಟಗಳ ಒಳಗನ್ನೆಲ್ಲ ಹೇಳಬಲ್ಲವನಿಗೆ, ಒಂದೇ ಚಾಪೆಯ ಮೇಲೆ ಎದುರು ಕುಳಿತು ಅವರೆಕಾಯಿ ಸುಲಿಯುವ ಹೆಂಗಸಿನ ಮನಸ್ಸಿನಲ್ಲೇನಿದೆ ಎಂದು ತಿಳಿಯಲಿಲ್ಲ. ಅವಳು ಆ ಚಿತ್ರದ ಬಗ್ಗೆ ಏನಂದುಕೊಂಡಿದ್ದಾಳೆ, ಅದಕ್ಕಿಂತ ಮುಖ್ಯವಾಗಿ ತನ್ನ ಬಗ್ಗೆ ಏನಂದುಕೊಂಡಿದ್ದಾಳೆ, ಇವೆರಡು ಗೊತ್ತಾಗದೆ ಊಟ ಸೇರದಂತಾಯಿತು.

ಮೊದಲು ಅವನು ತನ್ನ ಕಡೆಯ ಸಾಕ್ಷಿ ಗಟ್ಟಿ ಮಾಡಿಕೊಳ್ಳಲು ರಸೂಲನಲ್ಲಿಗೆ ಹೋದ. ಊರೆಲ್ಲ ಚೆನ್ನಾಗಿಲ್ಲ ಅನ್ನುತ್ತಿದೆ, ನೀವು ಒಳಗೆ ಕೂತು ನೋಡಿದವರು, ನೀವೇ ಹೇಳಿ ಎಂದ. ರಸೂಲ್ ಟೇಪನ್ನು ಕೊರಳಿಂದ ತೆಗೆದು ಸುತ್ತಿಟ್ಟ.

"ನಾನೂ ಕೇಳಿದೋರಿಗೆಲ್ಲ ಅದೇ ಹೇಳ್ದೆ ಸಿದ್ದಣ್ಣ, ಒಳಗೆ ತಿರುಳಿಲ್ಲ ಅಂತ."

"ಮತ್ತೆ? ನಿಮಗೂ ಹಂಗೇ ಅನ್ನಿಸ್ತಲ್ಲ."

"ಎಲ್ಲಿ ಅನ್ನಿಸ್ತು? ಆ ನೀರು ಎದ್ದು ನಿಂತಾಗ ನಂಗೆ ಮಾತೇ ಹೊರಡ್ಲಿಲ್ಲ. ಈಚೆ ಬಂದು ನೋಡ್ತೀನಿ, ನೀವು ಮಾಯಣ್ಣಂಗೆ ತಿರುಳಿಲ್ಲ ಅಂತಿದೀರ. ನಿಮ್ ಮಾತು ಯಾವತ್ತೂ ಸುಳ್ಳಾಗಿಲ್ಲ. ನನ್ ಕಣ್ಣಿಗೇ ವಯಸ್ಸಾಗೈತೆ ಅನ್ಕಂಡು ಸುಮ್ನಾದೆ."

ಕಾಡಸಿದ್ದಪ್ಪ ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದ. ಮಾಯಣ್ಣ ಮಂಡಿಗೆ ಹೇಳಿದ್ದ. ರಸೂಲ್ ಅಂಗಿ ಹೊಲಿಸಲು ಬಂದವರಿಗೆ ಹೇಳಿದ್ದ, ಅವರಲ್ಲೊಬ್ಬ ಕಟಿಂಗ್ ಅಂಗಡಿಗೆ ಹೋಗಿದ್ದ. ಮೈಕಿನ ಮುಂದೆ ನಿಂತವನು ಎಲ್ಲಿ ತಲೆ ಬೋಳಿಸಿಕೊಂಡಿದ್ದನೋ. ಊರಿನ ಅಭಿಪ್ರಾಯವೆಂದು ಅವನು ಎದೆಯುಬ್ಬಿಸಿ ಆಲಿಸಿದ್ದು, ಚಿತ್ರ ನೋಡದ ಒಬ್ಬನೇ ಒಬ್ಬ ಮನುಷ್ಯನ ಅಭಿಪ್ರಾಯ; ಆ ಮನುಷ್ಯ ಫ್ರಿಜ್ಜನ್ನು ತಟ್ಟಿ ಕೊಂಡವನು.

ಗುರುವಾರ ಅವನು ಮ್ಯಾಟಿನಿಗೆ ತಾನೇ ಹೋದ. ಟಿಕೆಟ್ ಕೊಡುವವನು ಬೆರಗಾಗಿ ನೋಡಿ, ಜನವೇ ಇಲ್ಲ, ನಾಳೆಯಿಂದ ಬೇರೆ ಹಾಕುತ್ತಿದ್ದೇವೆ, ಇದರೊಳಗೆ ತಿರುಳಿಲ್ಲವಂತಲ್ಲ ಎಂದು ಅವನಿಗೇ ತಿಳಿವಳಿಕೆ ಹೇಳಿದ. ಕಾಡಸಿದ್ದಪ್ಪ ತನ್ನ ಕನ್ನಡಕದ ಮೇಲೆ ಟಾಕೀಸಿನವರ ಕಪ್ಪು ಕನ್ನಡಕ ಏರಿಸಿ, ಎರಡೂ ಜಾರದಂತೆ ಮೂಗನ್ನು ಮೇಲೆತ್ತಿಕೊಂಡು ಕುಳಿತ. ಆರಂಭದ ಯುದ್ಧದಲ್ಲಿ ಅವನಿಗೆ ತೂಕಡಿಕೆ ಬಂತು. ಕಣ್ಣು ಬಿಟ್ಟಾಗ ಕಡಲು ನಿಂತಿತ್ತು.

ಅದು ಬಹಳ ಎತ್ತರವಿತ್ತು. ಒಂದು ಮೀನು ಅವನ ಮುಖದವರೆಗೂ ಬಂದು, ಅವನು ಹಿಂದಕ್ಕೆ ಸರಿದದ್ದನ್ನು ಕಂಡಂತೆ ತಿರುಗಿಹೋಯಿತು. ಹಳೆಯ ಅಭ್ಯಾಸದಂತೆ ಅವನು ಪಕ್ಕದವರ ಸದ್ದಿಗೆ ಕಿವಿಗೊಟ್ಟ. ಪಕ್ಕದಲ್ಲಿ ಯಾರೂ ಇರಲಿಲ್ಲ. ದೂರದ ಸಾಲಿನಲ್ಲಿದ್ದವರು ಉಸಿರು ಬಿಟ್ಟದ್ದೂ ಕೇಳಿಸಲಿಲ್ಲ. ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಿಕೊಡುವವರಿಲ್ಲದೆ, ತನಗೇನನ್ನಿಸುತ್ತಿದೆಯೆಂದು ತನ್ನ ತಲೆಯನ್ನೇ ಒಮ್ಮೆ ಮೆಲ್ಲಗೆ ಅಲುಗಾಡಿಸಿ ನೋಡಿದ. ಸದ್ದಿಲ್ಲ. ಮೇಲಿನ ಕನ್ನಡಕ ಮಾತ್ರ ಕೆಳಗೆ ಬಿತ್ತು.

ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ, "ನಾನೂ ನೋಡ್ಕಂಬಂದೆ" ಎಂದ.

ಮೀನಾಕ್ಷಮ್ಮ ತಲೆಯೆತ್ತಿ, ಹೇಗಿತ್ತು ಎಂದು ಕೇಳಿದಳು.

"ನಂಗೊತ್ತಾಗ್ಲಿಲ್ಲ ಕಣೇ. ನಿಂಗೆ?"

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವನು ಸಾರಿನ ಉಪ್ಪಿನ ಬಗ್ಗೆ ಕೂಡ ಕೇಳಿರಲಿಲ್ಲ. ಮೀನಾಕ್ಷಮ್ಮ ಮಾತಿಗೆ ತೊಡಗಿದಳು. ಕತೆ ಸಪ್ಪೆ ಎಂದಳು. ಆ ವಿಜ್ಞಾನಿ ಸುಮ್ಮನೆ ವಟಗುಟ್ಟುತ್ತಾನೆ, ಮಗಳು ಸಿಕ್ಕಿದ ಮೇಲೆ ತಾಯಿಯನ್ನು ಅಳಲಿಕ್ಕೂ ಬಿಡದೆ ಮತ್ತೆ ಯುದ್ಧಕ್ಕೆ ಓಡಿಸುತ್ತಾರೆ, ಅಷ್ಟು ದುಡ್ಡು ಸುರಿದವರಿಗೆ ಅಷ್ಟೂ ತಿಳಿಯಬಾರದೆ ಎಂದಳು. ಕೂಡಿಸಿ ನೋಡಿದರೆ ಕಣ್ಣಿಗೆ ಚೆನ್ನ, ಒಳಗೆ ಅಷ್ಟಿಲ್ಲ. ಕಾಡಸಿದ್ದಪ್ಪನ ನಾಲಿಗೆಯ ತುದಿಯಲ್ಲಿ, ನಾನು ಅವತ್ತೇ ಹೇಳಲಿಲ್ಲವೆ ಎಂಬ ಮಾತು ಹೆಡೆಯೆತ್ತಿತು. ಅದನ್ನು ನುಂಗಿದ್ದು ತನ್ನ ಜೀವಮಾನದ ದೊಡ್ಡ ಸಾಹಸವೆಂದು ಅವನು ಇಂದಿಗೂ ತಿಳಿದಿದ್ದಾನೆ.

"ಆದ್ರೆ ಆ ಕಡಲು," ಎಂದು ಮೀನಾಕ್ಷಮ್ಮ ನಿಲ್ಲಿಸಿದಳು. "ಅದು ಎದ್ದಾಗ ಏನೋ ಹೇಳಣ ಅಂತ ಪಕ್ಕಕ್ಕೆ ತಿರುಗಿದೆ. ನೀವಿರ್ಲಿಲ್ಲ."

ನಾಳೆ ಹೋಗೋಣ ಎಂದು ಅವನ ಬಾಯಿಂದ ಬಂದೇ ಬಿಟ್ಟಿತು. ಅವಳು ಆಗಲಿ ಎಂದ ಮೇಲೆ, ಟಾಕೀಸಿನಲ್ಲಿ ಅದು ಇವತ್ತಿಗೆ ಮುಗಿಯಿತೆಂಬುದು ನೆನಪಾಯಿತು. ಯಾಕೆ ತೆಗೆದರು ಎಂದು ಅವಳು ಕೇಳಿದಳು. ಜನ ಬರಲಿಲ್ಲ. ಜನ ಯಾಕೆ ಬರಲಿಲ್ಲ ಎಂಬುದನ್ನು ಅವನು ರಸೂಲನ ಬೆಂಚಿನಿಂದ ಶುರುಮಾಡಿ ಪೂರ್ತಿ ಹೇಳಬೇಕಾಯಿತು. ಮೀನಾಕ್ಷಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುವುದಕ್ಕೆ ಹಿಡಿದ ಹೊತ್ತು, ಅವನ ಎಣಿಕೆಯಲ್ಲಿ, ಅಗತ್ಯಕ್ಕಿಂತ ಹೆಚ್ಚಿತ್ತು.

ತುಮಕೂರಿನಲ್ಲಿ ಚಿತ್ರ ಇನ್ನೂ ಇತ್ತು. ಶನಿವಾರ ಬೆಳಿಗ್ಗೆ ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದರೆ, ಅಲ್ಲಿ ಯಾರನ್ನೋ ಬಸ್ಸು ಹತ್ತಿಸಲು ಬಂದ ಮಾಯಣ್ಣ ನಿಂತಿದ್ದ. ಗಂಡಹೆಂಡಿರು ಜೋಡಿಯಾಗಿ ಎಲ್ಲಿಗೆ ಹೊರಟಿರೆಂದು ವಿಚಾರಿಸಿದ. ಆಸ್ಪತ್ರೆಗೆ ಎಂದುಬಿಡಬಹುದಿತ್ತು. ಆದರೆ ಮೀನಾಕ್ಷಮ್ಮ ಉತ್ತರ ಕೇಳಲು ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಿದ್ದಳು. ಕಾಡಸಿದ್ದಪ್ಪ ಚಿತ್ರದ ಹೆಸರು ಹೇಳಿದ.

"ಅದ್ರಲ್ಲಿ ತಿರುಳಿಲ್ಲ ಅಂತ ಎಲ್ರೂ ಅಂತಾವ್ರಲ್ಲ, ಸಿದ್ದಣ್ಣ?"

"ಎಲ್ರೂ ಅಂದ್ರೆ ನಾನೇ ಕಣಪ್ಪ. ನೋಡ್ದೆ ಹೇಳಿದ್ದು."

ಮಾಯಣ್ಣ ಇದನ್ನು ತಮಾಷೆಯೆಂದು ತಿಳಿದು ನಕ್ಕ. ಕಾಡಸಿದ್ದಪ್ಪ ನಗದಿದ್ದಾಗ ಅವನ ನಗೆ ನಿಂತಿತು. ಹಾಗಾದರೆ ಚೆನ್ನಾಗಿದೆಯೋ ಎಂದು ಕೇಳಿದ. ಗೊತ್ತಿಲ್ಲ, ಇನ್ನೊಮ್ಮೆ ನೋಡಲು ಹೊರಟಿದ್ದೇನೆ ಎಂಬ ಉತ್ತರ ಬಂತು. ಮಾಯಣ್ಣ ನಿಜವಾಗಿಯೂ ಕಂಗಾಲಾದ.

"ಹಂಗಾದ್ರೆ ಮಂಡೀಲಿ ಕೇಳಿದೋರಿಗೆ ನಾನೇನ್ ಹೇಳ್ಲಿ?"

ಕಂಡಕ್ಟರ್ ಸೀಟಿ ಊದಿದ. ಮೀನಾಕ್ಷಮ್ಮ ಗಂಡನ ತೋಳು ಹಿಡಿದು ಒಳಕ್ಕೆಳೆದುಕೊಳ್ಳುತ್ತಾ, ಹೊರಗೆ ತಲೆ ಹಾಕಿ ಹೇಳಿದಳು.

"ಇವ್ರಿಗೆ ಮೈಯಲ್ಲಿ ಹುಷಾರಿಲ್ಲ ಅಂತ ಹೇಳ್ಬುಡಪ್ಪ, ಇವತ್ತು ಒಂದಿನ ಅಭಿಪ್ರಾಯ ಕೊಡಾಕಾಗಲ್ವಂತೆ."